ಧೂಮತ್ಯಾಗಕ್ಕೆ ಯಮ, ಔಷಧಕ್ಕೆ ನಿಯಮ

ಅರಿತು, ಸಂಕಲ್ಪಿಸಿ, ಗುರುಸಾಕ್ಷಿಯಾಗಿ ಒಂದು ವಸ್ತುವನ್ನು ತ್ಯಜಿಸುವುದಕ್ಕೆ ವ್ರತವೆಂದು ಹೆಸರು. ಜ್ವರದಿಂದ ನಾಲಗೆಯ ರುಚಿ ಕೆಟ್ಟು ಸಿಹಿಯನ್ನು ಬಿಟ್ಟವನು ವ್ರತಿಯೆನಿಸುವುದಿಲ್ಲ; ಬಡತನದಿಂದ ತುಪ್ಪವಿಲ್ಲದೆ ಉಂಡವನಿಗೆ ರಸತ್ಯಾಗದ ಫಲ ದೊರೆಯುವುದಿಲ್ಲ. ಸಂಕಲ್ಪವೇ ವ್ರತದ ಪ್ರಾಣ. ಆದುದರಿಂದ ವ್ರತವನ್ನು ಸ್ವೀಕರಿಸುವಾಗ ತಾನು ಏನನ್ನು ಬಿಡುತ್ತಿದ್ದೇನೆ, ಎಷ್ಟು ಕಾಲ ಬಿಡುತ್ತಿದ್ದೇನೆ, ಯಾತಕ್ಕಾಗಿ ಬಿಡುತ್ತಿದ್ದೇನೆ ಎಂಬ ಮೂರು ಪ್ರಶ್ನೆಗಳಿಗೆ ಶ್ರಾವಕನಲ್ಲಿ ಸ್ಪಷ್ಟವಾದ ಉತ್ತರವಿರಬೇಕು. ಉತ್ತರ ಮಸುಕಾಗಿದ್ದಲ್ಲಿ ಮುಂದೆ ಸಂಕಟ ತಪ್ಪದು. ಬೀಡಿ ಸಿಗರೇಟುಗಳನ್ನು ಬಿಡುವ ವ್ರತದಲ್ಲಿ ಅಂಥದೊಂದು ಸಂಕಟ ಈಗ ಅನೇಕ ಮನೆಗಳಲ್ಲಿ ಕಾಣಿಸಿಕೊಳ್ಳುತ್ತಿದೆ.

ಹೆಸರುಗಳನ್ನು ಬದಿಗಿರಿಸಿ ಒಂದು ಮನೆಯ ಪ್ರಸಂಗವನ್ನು ಮುಂದಿಟ್ಟುಕೊಳ್ಳಬಹುದು. ಇದು ಯಾವ ಊರಿನ ಯಾವ ಮನೆಗಾದರೂ ಹೊಂದತಕ್ಕದ್ದು. ಬೆಳಗಾವಿ ಸೀಮೆಯ ಒಬ್ಬ ಕಾಳುಕಡಿ ವ್ಯಾಪಾರಿ, ಐವತ್ತೆರಡರ ವಯಸ್ಸು. ನಿತ್ಯ ದೇವದರ್ಶನವುಂಟು, ರಾತ್ರಿಭೋಜನ ತ್ಯಾಗವುಂಟು, ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನವುಂಟು. ಇವುಗಳೊಡನೆ ಮೂವತ್ತು ವರ್ಷಗಳ ಬೀಡಿಯೂ ಉಂಟು. ಆಷಾಢದಲ್ಲಿ ಹೃದಯಾಘಾತವಾಯಿತು. ಕಟ್ಟಿಕೊಂಡ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ವೈದ್ಯರು ಪ್ರಾಣವನ್ನುಳಿಸಿದರು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಉತ್ತಮ ತ್ಯಾಗಧರ್ಮದ ದಿನ, ಚಾತುರ್ಮಾಸದಲ್ಲಿದ್ದ ಮುನಿಗಳ ಸಮ್ಮುಖದಲ್ಲಿ ನಿಂತು, ಇನ್ನು ಬದುಕಿರುವವರೆಗೆ ತಂಬಾಕನ್ನು ಮುಟ್ಟುವುದಿಲ್ಲವೆಂದು ಅವರು ವ್ರತ ತೊಟ್ಟರು. ಪರ್ವದ ಹತ್ತು ದಿನಗಳು ಸುಖವಾಗಿಯೇ ಕಳೆದುವು. ಕ್ಷಮಾವಣಿ ಮುಗಿಸಿ ಅಂಗಡಿಯಲ್ಲಿ ಕುಳಿತ ಮೇಲೆ ಹಳೆಯ ತಳಮಳ ಮರುಕಳಿಸಿತು. ರಾತ್ರಿ ನಿದ್ರೆಯಿಲ್ಲ, ಹಗಲು ಕಾರಣವಿಲ್ಲದ ಸಿಡುಕು. ವೈದ್ಯರು ಪರೀಕ್ಷಿಸಿ, ಕೆಲವು ವಾರಗಳ ಮಟ್ಟಿಗೆ ನಿಕೋಟಿನ್ ಇರುವ ಚೂಯಿಂಗ್ ಗಮ್ ಬರೆದುಕೊಟ್ಟರು.

ಮನೆಯಲ್ಲಿ ಮಾತು ಬೆಳೆಯಿತು. ಹಿರಿಯಣ್ಣನವರು, “ತಮ್ಮಾ, ಆ ಗುಳಿಗೆಯಲ್ಲಿರುವುದೂ ತಂಬಾಕಿನ ಸಾರವೇ ಎಂದ ಮೇಲೆ ನೀನು ಬಿಟ್ಟದ್ದೇನು? ಕಳ್ಳನನ್ನು ಮುಂಬಾಗಿಲಿನಿಂದ ಹೊರಗಟ್ಟಿ ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದಂತಾಯಿತು” ಎಂದರು. ಒಳಗಿನಿಂದ ವ್ಯಾಪಾರಿಯ ಹೆಂಡತಿ, “ಭಾವನವರೇ, ವ್ರತ ಉಳಿಯಬೇಕಾದರೆ ವ್ರತ ತೊಟ್ಟವರು ಮೊದಲು ಉಳಿಯಬೇಕಲ್ಲವೇ?” ಎಂದರು. ವ್ಯಾಪಾರಿಗಳು ಅಣ್ಣನ ಮಾತಿಗೆ ನಾಚಿ ಗಮ್ಮಿನ ಪೊಟ್ಟಣವನ್ನು ಗಲ್ಲಾಪೆಟ್ಟಿಗೆಯಲ್ಲಿ ಹಾಕಿ ಬೀಗವಿಕ್ಕಿದರು. ಒಂದು ವಾರ ಕಳೆಯುವುದರೊಳಗಾಗಿ ಗೋದಾಮಿನ ಹಿಂದೆ ನಿಂತು ಬೀಡಿ ಹೊತ್ತಿಸಿದರು. ಅಂಗಿಯ ವಾಸನೆಯಿಂದ ಮನೆಯಾಕೆಗೆ ತಿಳಿಯಿತು. ಆಕೆ ಯಾರಿಗೂ ಹೇಳಲಿಲ್ಲ, ರಾತ್ರಿಯೆಲ್ಲ ಗಂಡನ ಉಸಿರನ್ನು ಎಣಿಸುತ್ತ ಎಚ್ಚರವಾಗಿದ್ದರು.

ಇಲ್ಲಿ ಧರ್ಮ ಯಾವ ಕಡೆಗಿದೆ? ಜೀವವನ್ನುಳಿಸಿಕೊಳ್ಳುವುದಕ್ಕೆ ಏನನ್ನಾದರೂ ಮಾಡಬಹುದೆಂಬುದು ಜೈನರ ಸಿದ್ಧಾಂತವಲ್ಲ. ಪ್ರಾಣ ಹೋದರೂ ವ್ರತವನ್ನು ಬಿಡದವರ ಚರಿತ್ರೆಗಳನ್ನು ಮನೆಮನೆಯಲ್ಲಿ ಓದುವ ಸಮಾಜವಿದು. ಆದುದರಿಂದ ಮನೆಯಾಕೆಯ ಮಾತು ಕರುಣೆಯಿಂದ ಕೂಡಿದ್ದರೂ ಅಷ್ಟರಿಂದಲೇ ಪ್ರಶ್ನೆ ತೀರುವುದಿಲ್ಲ. ಅಣ್ಣನವರ ಮಾತು ಕಟ್ಟುನಿಟ್ಟಾಗಿದ್ದರೂ ಅದರ ಫಲವಾಗಿ ಮನೆಗೆ ಮರಳಿದ್ದು ಬೀಡಿಯೇ. ಈ ಔಷಧವು ವ್ರತವನ್ನು ಮುರಿಯುತ್ತದೆಯೋ ಅಥವಾ ವ್ರತಕ್ಕೆ ಊರುಗೋಲಾಗುತ್ತದೆಯೋ ಎಂಬುದನ್ನು ಆಗಮದ ಬೆಳಕಿನಲ್ಲಿಯೂ ವೈದ್ಯಶಾಸ್ತ್ರದ ಬೆಳಕಿನಲ್ಲಿಯೂ ವಿಚಾರಿಸಬೇಕಾಗಿದೆ.

ಮೊದಲು ತಂಬಾಕಿನ ವಿಷಯ. ಸಪ್ತವ್ಯಸನಗಳ ಪಟ್ಟಿಯಲ್ಲಿ ತಂಬಾಕಿನ ಹೆಸರಿಲ್ಲ. ಇರುವ ಸಂಭವವೂ ಇಲ್ಲ. ಆ ಗಿಡದ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸನು ಆ ಕಡೆಗೆ ಹೋದ ಮೇಲೆ ಅದು ಯೂರೋಪಿಗೆ ಬಂದಿತು, ಅಲ್ಲಿಂದ ಪೋರ್ಚುಗೀಸರ ಹಡಗುಗಳಲ್ಲಿ ಭಾರತಕ್ಕೆ ಬಂದಿತು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತನಾದ ಅಸದ್ ಬೇಗನು ಅದನ್ನು ಬಿಜಾಪುರದಿಂದ ಮೊಗಲರ ಆಸ್ಥಾನಕ್ಕೆ ಕೊಂಡೊಯ್ದು ಬಾದಶಹನ ಮುಂದಿಟ್ಟನೆಂದು ಬರೆದಿಟ್ಟಿದ್ದಾನೆ. ಸಮಂತಭದ್ರರಾಗಲಿ, 13ನೆಯ ಶತಮಾನದ ಪಂಡಿತ ಆಶಾಧರರಾಗಲಿ ಕಾಣದ ವಸ್ತುವನ್ನು ಹೆಸರಿಸಿ ನಿಷೇಧಿಸುವುದು ಹೇಗೆ? ಆದರೆ ಆಚಾರ್ಯರು ಹೆಸರುಗಳನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ, ಲಕ್ಷಣಗಳನ್ನೂ ಹೇಳಿದರು. ತ್ರಸಜೀವಗಳ ಘಾತವಾಗುವುದು, ಬಹುಜೀವಗಳ ವಧೆಯಾಗುವುದು, ಪ್ರಮಾದವನ್ನು ತರುವುದು, ದೇಹಕ್ಕೆ ಅನಿಷ್ಟವಾದುದು, ಸಜ್ಜನರು ಸೇವಿಸಲು ಯೋಗ್ಯವಲ್ಲದುದು ಎಂಬ ಐದು ಬಗೆಗಳಲ್ಲಿ ತ್ಯಾಜ್ಯವನ್ನು ಗುರುತಿಸಿದರು. ಬೀಡಿಯನ್ನು ಹೊತ್ತಿಸುವಾಗ ಅಗ್ನಿಕಾಯ ವಾಯುಕಾಯ ಜೀವಗಳ ಹಿಂಸೆಯಿದೆ, ಚಟವಾಗಿ ಹಿಡಿಯುವುದರಿಂದ ಪ್ರಮಾದವಿದೆ, ದೇಹಕ್ಕೆ ಅನಿಷ್ಟವೆಂಬುದಂತೂ ಪ್ರತ್ಯಕ್ಷ. ಪಕ್ಕದಲ್ಲಿ ಕುಳಿತವರು ಉಸಿರಾಡುವ ಹೊಗೆಯ ಮಾತು ಬೇರೆ. ಪರರ ಹೊಗೆಯಿಂದಲೇ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಮನೆಯ ಪಡಸಾಲೆಯಲ್ಲಿ ಬೀಡಿ ಸೇದುವ ಗೃಹಸ್ಥನು ಹೆಂಡತಿ ಮಕ್ಕಳ ಹಿಂಸೆಗೂ ಕಾರಣನಾಗುತ್ತಾನೆ.

ಹಾಗಾದರೆ ಇದನ್ನು ಬಿಡುವ ಬಗೆ ಯಾವುದು? ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ. ಕಾಲದ ಮಿತಿಯನ್ನು ಹಾಕಿಕೊಂಡು ಮಾಡುವ ತ್ಯಾಗ ನಿಯಮ. ಬದುಕಿರುವವರೆಗೆ ಮಾಡುವ ತ್ಯಾಗ ಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಕಾಲವನ್ನು ಗೊತ್ತುಪಡಿಸಿಕೊಂಡು ಭೋಗವಸ್ತುಗಳನ್ನು ಕಡಿಮೆ ಮಾಡುತ್ತ ಹೋಗುವುದು ಗೃಹಸ್ಥನಿಗೆ ಸುಲಭವಾದ ಸೋಪಾನ. ಪ್ರಸ್ತುತ ಪ್ರಶ್ನೆಯ ಬೀಗಕ್ಕೆ ಕೀಲಿಕೈ ಈ ವಿಂಗಡಣೆಯಲ್ಲಿಯೇ ಇದೆ. ಆದರೆ ಯಾವುದಕ್ಕೆ ಯಮ, ಯಾವುದಕ್ಕೆ ನಿಯಮ ಎಂಬುದನ್ನು ತಿಳಿಯಬೇಕಾದರೆ ಹೊಗೆಯೂ ನಿಕೋಟಿನ್ನೂ ಹೃದಯಕ್ಕೆ ಏನು ಮಾಡುತ್ತವೆಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಉರಿಯುವ ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರಿಗೆ ಕಾರಣವಾಗತಕ್ಕವು. ಹೃದಯಕ್ಕೆ ಆಗುವ ಹಾನಿ ಮುಖ್ಯವಾಗಿ ಮೂರು ದಾರಿಗಳಿಂದ ಬರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕೆ ಇರಬೇಕಾದ ಸ್ಥಳವನ್ನು ಅದು ಆಕ್ರಮಿಸಿದಾಗ ಹೃದಯದ ಸ್ನಾಯು ಉಸಿರಿಲ್ಲದೆ ದುಡಿಯಬೇಕಾಗುತ್ತದೆ. ಹೊಗೆಯ ಸೂಕ್ಷ್ಮ ಕಣಗಳೂ ದಹನದಿಂದ ಹುಟ್ಟಿದ ವಿಷಗಳೂ ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ. ಅಲ್ಲಿ ಕೊಬ್ಬು ಸೇರಿ ನಾಳ ಕಿರಿದಾಗುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟುವ ಸ್ವಭಾವ ಹೆಚ್ಚುತ್ತದೆ. ಕಿರಿದಾದ ನಾಳದಲ್ಲಿ ಒಂದು ಗರಣೆ ಕಟ್ಟಿದರೆ ಹೃದಯಾಘಾತ. ಬೀಡಿ ಸಣ್ಣದು, ಎಲೆಯಲ್ಲಿ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿದೆ. 52 ದೇಶಗಳ 27,000ಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ನಂಬಿಕೆಯನ್ನು ಅಲ್ಲಗಳೆದಿದೆ. ಬೀಡಿ ಸೇದುವವರಲ್ಲಿ ಹೃದಯಾಘಾತದ ಸಂಭವ ತಂಬಾಕನ್ನು ಮುಟ್ಟದವರಿಗಿಂತ ಸುಮಾರು ಮೂರು ಪಟ್ಟು. ತಂಬಾಕನ್ನು ಅಗಿಯುವವರಲ್ಲಿಯೂ ಎರಡು ಪಟ್ಟಿಗೆ ಮಿಗಿಲು. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವ ಹಿರಿಯರು ಈ ಕಡೆಯ ಮಾತನ್ನು ಗಮನಿಸತಕ್ಕದ್ದು.

ಇನ್ನೊಂದು ಸಂಗತಿಯಂತೂ ವ್ರತವಿಚಾರಕ್ಕೆ ನೇರವಾಗಿ ಸಂಬಂಧಿಸಿದ್ದು. ದಿನಕ್ಕೆ ಇಪ್ಪತ್ತು ಸೇದುತ್ತಿದ್ದವನು ಒಂದಕ್ಕೆ ಇಳಿಸಿದರೆ ಹೃದಯದ ಅಪಾಯವೂ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂದು ಲೆಕ್ಕ ಹಾಕುವವರುಂಟು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ದಿನಕ್ಕೆ ಒಂದೇ ಸಿಗರೇಟು ಸೇದುವವನೂ ಇಪ್ಪತ್ತು ಸೇದುವವನಿಗೆ ಇರುವ ಹೆಚ್ಚಿನ ಹೃದಯಾಪಾಯದಲ್ಲಿ ಸುಮಾರು ಅರ್ಧದಷ್ಟನ್ನು ಹೊತ್ತಿರುತ್ತಾನೆ. ಧನಕ್ಕೆ ಪರಿಮಾಣ ಮಾಡಬಹುದು, ದಿಕ್ಕಿಗೆ ಪರಿಮಾಣ ಮಾಡಬಹುದು, ಊಟದ ಪದಾರ್ಥಗಳಿಗೆ ಪರಿಮಾಣ ಮಾಡಬಹುದು. ಹೊಗೆಗೆ ಪರಿಮಾಣ ಮಾಡಿಕೊಂಡರೆ ಹೃದಯವು ಆ ಲೆಕ್ಕವನ್ನು ಒಪ್ಪುವುದಿಲ್ಲ. ಆದುದರಿಂದ ‘ದಿನಕ್ಕೆ ಎರಡೇ ಬೀಡಿ’ ಎಂಬುದು ಅಣುವ್ರತದಂತೆ ತೋರಿದರೂ ಫಲದಲ್ಲಿ ವ್ರತವಲ್ಲ. ಧೂಮಕ್ಕೆ ಸಲ್ಲುವುದು ಯಮವೊಂದೇ. ಪೂರ್ಣವಾದ, ಆಜೀವ ತ್ಯಾಗ.

ಅದರ ಫಲವೂ ದೊಡ್ಡದು. ಕಡೆಯ ಬೀಡಿಯಾದ ಒಂದೆರಡು ದಿನಗಳಲ್ಲಿ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸೇದದವರ ಮಟ್ಟಕ್ಕೆ ಇಳಿಯುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚಿನ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ. ಈಗಾಗಲೇ ಹೃದ್ರೋಗವಿದ್ದವರು ಬಿಟ್ಟರೆ, ಬಿಡದವರಿಗಿಂತ ಅವರಲ್ಲಿ ಸಾವಿನ ಸಂಭವ ಶೇಕಡಾ 36ರಷ್ಟು ಕಡಿಮೆಯೆಂದು 2003ರ ಒಂದು ವಿಮರ್ಶೆ ತೋರಿಸಿದೆ. ಆಘಾತವಾದ ಮೇಲೆ ಬಿಟ್ಟು ಪ್ರಯೋಜನವೇನು ಎನ್ನುವವರಿಗೆ ಈ ಅಂಕಿಯೇ ಉತ್ತರ.

ಇನ್ನು ನಿಕೋಟಿನ್. ಹಿಡಿದಿಡುವ ಗುಣ ಇದರದು; ಸೇದುವವನನ್ನು ಮತ್ತೆ ಮತ್ತೆ ಬೀಡಿಯ ಕಡೆಗೆ ಎಳೆಯುವುದು ಇದೇ. ಇದು ನಿರ್ದೋಷಿಯೂ ಅಲ್ಲ. ನಾಡಿಯ ಬಡಿತವನ್ನೂ ರಕ್ತದ ಒತ್ತಡವನ್ನೂ ತಾತ್ಕಾಲಿಕವಾಗಿ ಏರಿಸುತ್ತದೆ, ಮಾತ್ರೆ ಮೀರಿದರೆ ವಿಷವಾಗುತ್ತದೆ. ಆದರೆ ಮೇಲೆ ಹೇಳಿದ ಕಾರ್ಬನ್ ಮಾನಾಕ್ಸೈಡ್, ಕರಿಮಸಿ, ದಹನದ ಸಾವಿರಾರು ವಿಷಗಳು ಗಮ್ಮಿನಲ್ಲಿಲ್ಲ. ಸೇದಿದಾಗ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳಿಗೆ ತಲಪುತ್ತದೆ. ಗಮ್ಮಿನಿಂದ ಬಾಯಿಯ ಒಳಪದರದ ಮೂಲಕ ಅರ್ಧ ಗಂಟೆಯಷ್ಟು ಕಾಲ ನಿಧಾನವಾಗಿ ಇಳಿಯುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದ ದಿನವೆಲ್ಲ ಹನಿಹನಿಯಾಗಿ ಇಳಿಯುತ್ತದೆ. ಬಯಸಿದ ಕ್ಷಣವೇ ದೊರೆಯುವ ಸುಖವೇ ಚಟವನ್ನು ಬೆಳೆಸುವುದು. ನಿಧಾನವಾಗಿ ಇಳಿಯುವುದು ತಳಮಳವನ್ನು ತಗ್ಗಿಸುತ್ತದೆಯೇ ಹೊರತು ಆ ಸುಖವನ್ನು ಕೊಡುವುದಿಲ್ಲ.

ಈ ಗಮ್ಮಿನ ಹುಟ್ಟು ಸ್ವೀಡನ್ ದೇಶದಲ್ಲಿ. ಜಲಾಂತರ್ಗಾಮಿ ಹಡಗಿನೊಳಗೆ ಸೇದಲಾರದ ನಾವಿಕರು ತಂಬಾಕು ಅಗಿದು ಸಮಾಧಾನ ಹೊಂದುವುದನ್ನು 1967ರಲ್ಲಿ ಲುಂಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಗಮನಿಸಿ ಓವೆ ಫರ್ನೊ ಎಂಬ ರಸಾಯನಜ್ಞನಿಗೆ ತಿಳಿಸಿದರು. ಆತನು ರೂಪಿಸಿದ ಗಮ್ 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೂ 1984ರಲ್ಲಿ ಅಮೆರಿಕದಲ್ಲಿಯೂ ಔಷಧವೆಂದು ಅನುಮತಿ ಪಡೆಯಿತು. ಅಂಟಿಸುವ ಪಟ್ಟಿ ಬಂದದ್ದು ಅನಂತರ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವುಗಳನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಹೃದ್ರೋಗಿಗಳು ಇದನ್ನು ಬಳಸಬಹುದೇ ಎಂಬ ಭಯ ಒಮ್ಮೆ ವೈದ್ಯರಲ್ಲಿಯೂ ಇತ್ತು. 1992ರಲ್ಲಿ, ಪಟ್ಟಿ ಅಂಟಿಸಿಕೊಂಡೇ ಸಿಗರೇಟು ಸೇದಿದ ಕೆಲವರಿಗೆ ಹೃದಯಾಘಾತವಾಯಿತೆಂಬ ವಾರ್ತೆ ಅಮೆರಿಕದಲ್ಲಿ ಹಬ್ಬಿತು. ಆಮೇಲೆ ಹೃದ್ರೋಗವಿದ್ದ 584 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಕೋಟಿನ್ ಪಟ್ಟಿಯನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಪಟ್ಟಿಯನ್ನೂ ಹತ್ತು ವಾರ ಕೊಟ್ಟು ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹದಿನಾಲ್ಕು ವಾರಗಳಲ್ಲಿ ಮರಣ, ಹೃದಯಾಘಾತ ಮುಂತಾದ ಗಂಭೀರ ಪ್ರಸಂಗಗಳು ನಿಕೋಟಿನ್ ಪಡೆದವರಲ್ಲಿ ಶೇಕಡಾ 5.4, ಪಡೆಯದವರಲ್ಲಿ ಶೇಕಡಾ 7.9. ಔಷಧದಿಂದ ಹೃದಯದ ಅಪಾಯ ಹೆಚ್ಚಲಿಲ್ಲವೆಂದು ಇದರಿಂದ ತಿಳಿಯಿತು. ಆದರೆ ಅದೇ ಪರೀಕ್ಷೆ ಇನ್ನೊಂದು ಪಾಠವನ್ನೂ ಕಲಿಸಿತು. ಹದಿನಾಲ್ಕನೆಯ ವಾರದಲ್ಲಿ ಧೂಮಪಾನವನ್ನು ಬಿಟ್ಟಿದ್ದವರು ಔಷಧ ಪಡೆದವರಲ್ಲಿ ಶೇಕಡಾ 21, ಪಡೆಯದವರಲ್ಲಿ 9. ಇಪ್ಪತ್ತನಾಲ್ಕನೆಯ ವಾರಕ್ಕೆ ಬರುವಷ್ಟರಲ್ಲಿ ಅದು 14 ಮತ್ತು 11 ಆಗಿ, ಅಂತರ ಹೆಸರಿಗೆ ಮಾತ್ರ ಉಳಿಯಿತು. ಮುಂದೆ 130ಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ವಿಮರ್ಶೆಯು ಈ ಔಷಧಗಳಿಂದ ಬಿಡುವವರ ಸಂಖ್ಯೆ ಒಂದೂವರೆ ಪಟ್ಟಿನಷ್ಟಾಗುತ್ತದೆಂದು ಖಚಿತಪಡಿಸಿತು. ಔಷಧವು ಸಹಾಯ ಮಾಡುತ್ತದೆ, ಸಂಕಲ್ಪದ ಕೆಲಸವನ್ನು ತಾನೇ ಮಾಡಿಮುಗಿಸುವುದಿಲ್ಲ. ವ್ರತಿಗಳ ಸಮಾಜಕ್ಕೆ ಇದು ಹೊಸ ಮಾತೇನೂ ಅಲ್ಲ.

ಈಗ ಅಣ್ಣನವರ ಪಕ್ಷವನ್ನು ವಿಚಾರಿಸಬೇಕು. ಅವರ ಮೊದಲನೆಯ ಆಕ್ಷೇಪ, ದ್ರವ್ಯ ಅದೇ ಆಗಿರುವಾಗ ತ್ಯಾಗವೆಲ್ಲಿ ಎಂಬುದು. ದ್ರವ್ಯದ ದೃಷ್ಟಿಯಿಂದ ಇದು ತೂಕವುಳ್ಳ ಮಾತು. ಗಮ್ಮಿನ ನಿಕೋಟಿನ್ನನ್ನು ಸಾಮಾನ್ಯವಾಗಿ ತಂಬಾಕಿನಿಂದಲೇ ತೆಗೆಯುತ್ತಾರೆ. ಆದರೆ ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಎಣಿಸದೆ ಮೂರ್ಛೆಯನ್ನು, ಎಂದರೆ ಮಮತ್ವವನ್ನು ಎಣಿಸಿದರು. ಒಂದೇ ವಸ್ತು ಒಬ್ಬನ ಕೈಯಲ್ಲಿ ಭೋಗವೂ ಇನ್ನೊಬ್ಬನ ಕೈಯಲ್ಲಿ ಔಷಧವೂ ಆಗುತ್ತದೆ. ಬೀಡಿ ಸೇದುವವನು ಆಸೆ ಹುಟ್ಟಿದಾಗ ಸೇದುತ್ತಾನೆ, ಸೇದಿದಾಗ ಆಸೆ ಬಲಿಯುತ್ತದೆ. ಔಷಧವನ್ನು ಕೊಳ್ಳುವವನು ಬಿಡುವುದಕ್ಕಾಗಿ ಕೊಳ್ಳುತ್ತಾನೆ, ವಾರ ವಾರಕ್ಕೆ ಕಡಿಮೆ ಮಾಡುತ್ತಾನೆ, ಗೊತ್ತಾದ ದಿನ ನಿಲ್ಲಿಸುತ್ತಾನೆ. ಒಂದರಲ್ಲಿ ಮೂರ್ಛೆ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಅದು ಔಷಧವಲ್ಲ, ಭೋಗ. ಆಗ ಅಣ್ಣನವರ ಮಾತೇ ಗೆಲ್ಲುತ್ತದೆ.

ಎರಡನೆಯ ಆಕ್ಷೇಪ, ವ್ರತಕ್ಕೆ ಮನೋಬಲವೇ ಸಾಕು, ಊರುಗೋಲು ಹಿಡಿಯುವುದು ಹೇಡಿತನ ಎಂಬುದು. ಯಾವ ಸಹಾಯವೂ ಇಲ್ಲದೆ ಬಿಟ್ಟವರು ಅನೇಕರಿದ್ದಾರೆ, ಅವರು ವಂದ್ಯರು. ಆದರೆ ಎಲ್ಲರ ಕ್ಷಯೋಪಶಮವೂ ಒಂದೇ ತೆರನಾಗಿರುವುದಿಲ್ಲ. ಇಲ್ಲಿ ಸಮಂತಭದ್ರರ ಕಥೆಯನ್ನೇ ನೆನೆಯಬೇಕು. ದೇವಚಂದ್ರನು 1838ರಲ್ಲಿ ಕನ್ನಡದಲ್ಲಿ ಬರೆದ ರಾಜಾವಳಿ ಕಥೆಯಲ್ಲಿಯೂ ಇತರ ಕಥಾಗ್ರಂಥಗಳಲ್ಲಿಯೂ ಬರುವ ಈ ಕಥೆ ಓದುಗರಿಗೆ ಪರಿಚಿತವಾದುದೇ. ಮುನಿಗಳಾಗಿದ್ದ ಅವರಿಗೆ ಭಸ್ಮಕವ್ಯಾಧಿ ಬಂದಿತು. ತಿಂದುದೆಲ್ಲ ಭಸ್ಮವಾಗಿ ಹಸಿವು ಅಡಗದು. ಮುನಿಚರ್ಯೆಯಲ್ಲಿ ಆ ಹಸಿವಿಗೆ ಪರಿಹಾರವಿಲ್ಲವೆಂದು ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರು. ಅವರಿಂದ ಧರ್ಮಪ್ರಭಾವನೆ ಆಗಬೇಕಾಗಿದೆಯೆಂದು ಅರಿತ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಕೆಲಕಾಲ ಬದಿಗಿಟ್ಟು ರೋಗವನ್ನು ಶಮನ ಮಾಡಿಕೊಂಡು ಬಂದು ಪುನಃ ದೀಕ್ಷೆಯನ್ನು ಪಡೆಯುವಂತೆ ಆಜ್ಞಾಪಿಸಿದರು. ಶಿವಾಲಯದಲ್ಲಿ ಮುಚ್ಚಿದ ಬಾಗಿಲ ಹಿಂದೆ ನೈವೇದ್ಯವನ್ನು ಉಣ್ಣುತ್ತ ಬಂದಂತೆ ರೋಗ ಶಮನವಾಯಿತು, ಹಸಿವು ಇಳಿಯಿತು, ಅನ್ನ ಉಳಿಯತೊಡಗಿತು, ಗುಟ್ಟು ಹೊರಬಿದ್ದಿತು. ಮುಂದೆ ಅವರು ಮತ್ತೆ ದೀಕ್ಷಿತರಾಗಿ ಜಿನಶಾಸನದ ದೀಪವಾದರು.

ಈ ಕಥೆಯಲ್ಲಿ ಗಮನಿಸತಕ್ಕವು ನಾಲ್ಕು ಅಂಶಗಳು. ರಿಯಾಯಿತಿ ದೊರೆತದ್ದು ರೋಗಕ್ಕೆ, ರುಚಿಗಲ್ಲ. ಅದನ್ನು ಕೊಟ್ಟವರು ಗುರುಗಳು. ಶಿಷ್ಯರು ತಾವಾಗಿ ತೆಗೆದುಕೊಳ್ಳಲಿಲ್ಲ. ಅದಕ್ಕೆ ಕೊನೆಯಿತ್ತು. ಕೊನೆಗೊಂಡ ಮೇಲೆ ಅವರು ಮೊದಲಿನ ವ್ರತಕ್ಕೇ ಹಿಂದಿರುಗಿದರು. ತಂಬಾಕಿನ ಅವಲಂಬನೆಯನ್ನು ಇಂದಿನ ವೈದ್ಯರು ರೋಗವೆಂದೇ ಪರಿಗಣಿಸುತ್ತಾರೆ. ಈ ನಾಲ್ಕು ಅಂಶಗಳು ಕೂಡಿರುವಲ್ಲಿ ಊರುಗೋಲನ್ನು ಹೇಡಿತನವೆನ್ನುವುದು ಉಚಿತವಲ್ಲ. ಹಾಗೆ ಹೇಳಿ ರೋಗಿಯನ್ನು ಪುನಃ ಬೀಡಿಯ ಕಡೆಗೆ ನೂಕಿದರೆ, ಹೇಳಿದವನ ಮಾನ ಉಳಿಯಬಹುದು, ರೋಗಿಯ ವ್ರತ ಉಳಿಯದು.

ಮೂರನೆಯ ಆಕ್ಷೇಪ, ಔಷಧವೇ ಹೊಸ ಸಂಕೋಲೆಯಾದರೆ ಎಂಬುದು. ಇದು ನಿಜವಾದ ಭಯ. ತಿಂಗಳುಗಟ್ಟಲೆ ಗಮ್ಮನ್ನು ಬಿಡದವರೂ ಇದ್ದಾರೆ. ಇದಕ್ಕೆ ಮದ್ದು ಸಮಂತಭದ್ರರು ತೋರಿದ ನಿಯಮವೇ. ಸಾಮಾನ್ಯವಾಗಿ ವೈದ್ಯರು ಗಮ್ಮಿಗೆ ಹನ್ನೆರಡು ವಾರಗಳ ಅವಧಿಯನ್ನು ಹೇಳುತ್ತಾರೆ: ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕಡೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಪಟ್ಟಿಯಾದರೆ 21, 14, 7 ಮಿಲಿಗ್ರಾಂ ಎಂದು ಇಳಿಯುವ ಕ್ರಮವಿದೆ. ಅನಂತ ಚತುರ್ದಶಿಯಂದು ಆರಂಭಿಸಿದವರಿಗೆ ಹನ್ನೆರಡು ವಾರಗಳು ಸಾಮಾನ್ಯವಾಗಿ ಮಾರ್ಗಶಿರ ಶುಕ್ಲಪಕ್ಷದಲ್ಲಿ ಮುಗಿಯುತ್ತವೆ. ಆ ತಿಥಿಯನ್ನು ಆರಂಭದ ದಿನವೇ ಗುರುಗಳ ಮುಂದೆ ಹೇಳಿ, ಪಂಚಾಂಗದಲ್ಲಿ ಗುರುತು ಹಾಕತಕ್ಕದ್ದು. ತಿಥಿಯಿಲ್ಲದ ಔಷಧಸೇವನೆ ನಿಯಮವೆನಿಸದು.

ಇದೆಲ್ಲವೂ ಬಹಿರಂಗವಾಗಿ ನಡೆಯಬೇಕು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂಬುದು ಆಗಮದ ಮಾತು. ಗಮ್ಮನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಕದ್ದು ಅಗಿಯುವುದೂ ಮಾಯೆಯೇ, ಗೋದಾಮಿನ ಹಿಂದೆ ಬೀಡಿ ಸೇದುವುದೂ ಮಾಯೆಯೇ. ‘ತಂಬಾಕನ್ನು ಮುಟ್ಟುವುದಿಲ್ಲ’ ಎಂದು ಈಗಾಗಲೇ ವ್ರತ ತೊಟ್ಟವನು, ಆ ಶಬ್ದಕ್ಕೆ ತನಗೆ ಅನುಕೂಲವಾದ ಅರ್ಥವನ್ನು ತಾನೇ ಮಾಡಿಕೊಳ್ಳಬಾರದು. ವ್ರತ ಕೊಟ್ಟ ಗುರುಗಳಲ್ಲಿಗೆ ಹೋಗಿ ವೈದ್ಯರ ಚೀಟಿಯನ್ನು ಮುಂದಿಟ್ಟು ನಿವೇದಿಸಿಕೊಳ್ಳಬೇಕು. ಹೊಸದಾಗಿ ವ್ರತ ತೊಡುವವನು ಮೊದಲೇ ಸ್ಪಷ್ಟವಾಗಿ ಹೇಳಿಕೊಳ್ಳುವುದು ಲೇಸು: ಬೀಡಿ, ಸಿಗರೇಟು, ಹೊಗೆಸೊಪ್ಪು, ನಶ್ಯ, ಗುಟಕಾ ಇವುಗಳ ತ್ಯಾಗ ಆಜೀವ, ವೈದ್ಯರು ಹೇಳಿದ ಔಷಧ ಇಂತಿಷ್ಟು, ಈ ತಿಥಿಯಿಂದ ಈ ತಿಥಿಯವರೆಗೆ, ಅನಂತರ ಅದರ ತ್ಯಾಗವೂ ಆಜೀವ. 2019ರಲ್ಲಿ ಭಾರತದಲ್ಲಿ ನಿಷೇಧಿಸಲ್ಪಟ್ಟ ವಿದ್ಯುತ್ ಸಿಗರೇಟನ್ನು ಯಾರೂ ಈ ಔಷಧಗಳ ಸಾಲಿನಲ್ಲಿ ಸೇರಿಸಬಾರದು.

ಉಪವಾಸದ ದಿನಗಳ ಬಗ್ಗೆಯೂ ಸಂಶಯಗಳು ಏಳುತ್ತವೆ. ಗಮ್ಮನ್ನು ಬಾಯಲ್ಲಿಟ್ಟು ಅಗಿದು ರಸವನ್ನು ನುಂಗುವುದರಿಂದ ಚತುರ್ವಿಧ ಆಹಾರತ್ಯಾಗದ ದಿನ ಅದು ಸಲ್ಲುವುದಿಲ್ಲವೆಂಬುದು ಸ್ಪಷ್ಟ. ರಾತ್ರಿ ಬಾಯಿಗೆ ಏನನ್ನೂ ಹಾಕದವರಿಗೆ ಸೂರ್ಯಾಸ್ತದ ಮೇಲೂ ಸಲ್ಲದು. ಅಂಥವರು ಪಟ್ಟಿಯನ್ನು ಕುರಿತು ವೈದ್ಯರಲ್ಲಿ ವಿಚಾರಿಸುವುದು ಮೇಲು. ಶಾಸ್ತ್ರದಲ್ಲಿ ಕವಲಾಹಾರ, ಲೇಪಾಹಾರ ಮುಂತಾಗಿ ಆಹಾರವು ಆರು ಬಗೆ. ಉಪವಾಸದಲ್ಲಿ ಬಿಡುವುದು ಬಾಯಿಂದ ಕೊಳ್ಳುವ ಕವಲಾಹಾರವನ್ನು. ಚರ್ಮದ ಮೂಲಕ ಇಳಿಯುವ ಔಷಧವು ಕವಲಾಹಾರವಾಗದು; ಆದರೂ ಈ ವಿಷಯದಲ್ಲಿ ಗುರುಗಳ ನಿರ್ಣಯವೇ ಪ್ರಮಾಣ. ಗಮ್ಮಿನ ಲೇಪದಲ್ಲಿ ಪ್ರಾಣಿಜನ್ಯ ಪದಾರ್ಥವಿದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಅದನ್ನು ಮಿಠಾಯಿಯಂತೆ ಒಂದೇ ಸಮನೆ ಅಗಿಯಬಾರದು; ನಾಲ್ಕಾರು ಸಲ ಅಗಿದು ಖಾರ ತೋರಿದೊಡನೆ ದವಡೆಯ ಮೂಲೆಯಲ್ಲಿ ಇಡಬೇಕು. ಚಹ ಕಾಫಿಗಳನ್ನು ಕುಡಿದ ಕಾಲು ಗಂಟೆಯವರೆಗೆ ಬಳಸಿದರೆ ಗುಣ ಕಡಿಮೆ. ಹೃದಯಾಘಾತವಾಗಿ ಎರಡು ವಾರ ಕಳೆಯದವರು, ಎದೆಯ ನೋವು ಹೆಚ್ಚುತ್ತಿರುವವರು, ಹೃದಯದ ಬಡಿತ ತೀವ್ರವಾಗಿ ತಪ್ಪುವವರು, ಗರ್ಭಿಣಿಯರು ವೈದ್ಯರ ಅಪ್ಪಣೆಯಿಲ್ಲದೆ ಇವನ್ನು ಮುಟ್ಟಕೂಡದು. ಹೃದಯಕ್ಕೆ ಔಷಧ ಕೊಳ್ಳುತ್ತಿರುವವರು ಉಪವಾಸವನ್ನೂ ವೈದ್ಯರನ್ನು ಕೇಳಿಯೇ ಹಿಡಿಯತಕ್ಕದ್ದು.

ಇಷ್ಟೆಲ್ಲ ಎಚ್ಚರವಿದ್ದರೂ ಕಾಲು ಜಾರಬಹುದು. ಆಚಾರ್ಯ ಅಮಿತಗತಿಗಳು ಜಾರುವಿಕೆಯಲ್ಲಿ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಮನಸ್ಸು ಬೀಡಿಯನ್ನು ನೆನೆಯುವುದು ಒಂದು, ಕಾಲು ಅಂಗಡಿಯತ್ತ ನಡೆಯುವುದು ಇನ್ನೊಂದು, ಒಮ್ಮೆ ಸೇದಿಬಿಡುವುದು ಮತ್ತೊಂದು. ಹೇಗೂ ಕೆಟ್ಟಿತೆಂದು ಪೂರಾ ಹಳೆಯ ಚಟಕ್ಕೆ ಬೀಳುವುದು ಬೇರೆಯೇ. ಮೊದಲ ಮೂರರಲ್ಲಿ ಎಚ್ಚೆತ್ತವನಿಗೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳ ದಾರಿ ತೆರೆದಿದೆ. ಒಂದು ಬೀಡಿಯಿಂದ ವ್ರತವೇ ಸತ್ತಿತೆಂದು ಕೈಬಿಡುವವನು ಅತಿಚಾರವನ್ನು ತಾನಾಗಿಯೇ ಅನಾಚಾರಕ್ಕೆ ಏರಿಸುತ್ತಾನೆ. ನೆರವು ಬೇಕೆನಿಸಿದರೆ 1800-11-2356 ಎಂಬ ರಾಷ್ಟ್ರೀಯ ದೂರವಾಣಿಯಲ್ಲಿ ಶುಲ್ಕವಿಲ್ಲದೆ ಸಲಹೆ ದೊರೆಯುತ್ತದೆ.

ಮನೆಯವರಿಗೂ ಇಲ್ಲಿ ಕರ್ತವ್ಯವುಂಟು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಚಂಚಲನಾದ ಗೆಳೆಯನನ್ನು ಮತ್ತೆ ಚಾರಿತ್ರದಲ್ಲಿ ನಿಲ್ಲಿಸಿದ ವಾರಿಷೇಣ ಮುನಿಗಳನ್ನು ಆ ಅಂಗಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ. ಜಾರಿದವನನ್ನು ಹೀಯಾಳಿಸುವುದಕ್ಕೆ ಯಾವ ಅಂಗದಲ್ಲಿಯೂ ಸ್ಥಾನವಿಲ್ಲ.

ವ್ಯಾಪಾರಿಗಳ ಮನೆಯಲ್ಲಿ ಮುಂದೆ ಆಗತಕ್ಕದ್ದನ್ನು ಊಹಿಸುವುದು ಕಷ್ಟವಲ್ಲ. ಮನೆಯಾಕೆ ಕಂಡದ್ದನ್ನು ಗಂಡನಿಗೆ ಹೇಳಬೇಕು. ವ್ಯಾಪಾರಿಗಳು ಅಣ್ಣನವರಿಗೆ ಹೇಳಬೇಕು. ಅಣ್ಣನವರು ಆಗ ತಲೆತಗ್ಗಿಸಿ ಕುಳಿತ ತಮ್ಮನಿಗೆ ಮತ್ತೆ ಕಳ್ಳನ ಗಾದೆಯನ್ನು ಹೇಳದೆ, ಚಾತುರ್ಮಾಸ ಮುಗಿಯುವುದಕ್ಕೆ ಮುಂಚೆ ಅವರನ್ನು ಕರೆದುಕೊಂಡು ಮುನಿಗಳಲ್ಲಿಗೆ ತಾವೇ ನಡೆಯಬೇಕು. ಗಲ್ಲಾಪೆಟ್ಟಿಗೆಯ ಪೊಟ್ಟಣ ಹೊರಗೆ ಬಂದು, ಎಲ್ಲರಿಗೂ ಕಾಣುವಂತೆ ಪಂಚಾಂಗದ ಪಕ್ಕದಲ್ಲಿ ಇರಬೇಕು. ಅದು ಮುಗಿಯುವ ತಿಥಿಯನ್ನು ಅಣ್ಣನವರೇ ತಮ್ಮ ಕೈಯಿಂದ ಬರೆದಿಡಲಿ. ಆ ತಿಥಿಯವರೆಗೆ ಬಾಳುವುದು ನಿಯಮ. ಅದರಾಚೆಗೆ, ಹೊಗೆಯೂ ಇಲ್ಲದ, ಔಷಧವೂ ಇಲ್ಲದ ಯಮ.